ಟರ್ಮಿನಲ್‌ನಿಂದಲೇ ವೆಬ್‌ಸೈಟ್ ಏರಿಸುವುದು: ಫೈರ್‌ಬೇಸ್ ಹೋಸ್ಟಿಂಗ್, ಮೊದಲಿನಿಂದ ಕೊನೆಯವರೆಗೆ

ನಿಮ್ಮ ಕಂಪ್ಯೂಟರ್‌ನಲ್ಲಿ ಒಂದು ಫೋಲ್ಡರ್ ಇದೆ. ಅದರೊಳಗೆ ಒಂದಿಷ್ಟು ಎಚ್‌ಟಿಎಂಎಲ್ ಪುಟಗಳು, ಒಂದು ಸಿಎಸ್‌ಎಸ್ ಫೈಲ್, ಕೆಲವು ಚಿತ್ರಗಳು. ಡಬಲ್ ಕ್ಲಿಕ್ ಮಾಡಿದರೆ ಬ್ರೌಸರ್‌ನಲ್ಲಿ ಚೆಂದವಾಗಿ ತೆರೆದುಕೊಳ್ಳುತ್ತದೆ. ಆದರೆ ನಿಮ್ಮೊಬ್ಬರಿಗೇ ಕಾಣುತ್ತದೆ. ಅದನ್ನು ಯಾರು ಬೇಕಾದರೂ ನೋಡುವ ಹಾಗೆ ಇಂಟರ್ನೆಟ್‌ಗೆ ಏರಿಸುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಇದಕ್ಕೆ ಗೂಗಲ್‌ನ ಫೈರ್‌ಬೇಸ್ ಹೋಸ್ಟಿಂಗ್ (ಸೈಟ್‌ನ ಫೈಲುಗಳನ್ನು ಇಂಟರ್ನೆಟ್‌ನಲ್ಲಿ ಇಟ್ಟುಕೊಳ್ಳುವ ಸೇವೆ) ಮತ್ತು ಅದರ ಕಮಾಂಡ್ ಲೈನ್ ಟೂಲ್ ಬಳಸೋಣ. ಅಂದರೆ ಟರ್ಮಿನಲ್ ಅನ್ನುವ ಕಿಟಕಿಯಲ್ಲಿ ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸೋಣ.

ಶುರು ಮಾಡುವ ಮುಂಚೆ ಒಂದು ಮಾತು. ಏರಿಸುವ ಕೆಲಸದಲ್ಲಿ ಮೇಲೆ ಹೋಗುವುದು ಒಂದು ಫೋಲ್ಡರ್, ಅಷ್ಟೇ. ಆ ಫೋಲ್ಡರ್ ಯಾವುದು, ಅದರೊಳಗೆ ಏನೇನಿದೆ ಅಂತ ನಿಮಗೆ ಸರಿಯಾಗಿ ಗೊತ್ತಿದ್ದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ನಾನು ನೋಡಿದ ತೊಂದರೆಗಳಲ್ಲಿ ಹೆಚ್ಚಿನವು ಕಮಾಂಡ್ ತಪ್ಪಿದ್ದರಿಂದ ಆದದ್ದಲ್ಲ. ಬೇರೆ ಫೋಲ್ಡರ್ ಹೋಗಿತ್ತು, ಅಥವಾ ಸರಿಯಾದ ಫೋಲ್ಡರ್‌ನಲ್ಲೇ ಹೋಗಬಾರದ್ದೂ ಇತ್ತು. ಹಾಗಾಗಿ ಈ ಲೇಖನದಲ್ಲಿ ಮತ್ತೆ ಮತ್ತೆ ಫೋಲ್ಡರ್ ವಿಷಯಕ್ಕೇ ಬರುತ್ತೇನೆ.

ಇನ್ನೊಂದು ಸೂಚನೆ. ಕಮಾಂಡ್‌ಗಳನ್ನು ಓದಿಕೊಳ್ಳಲು ಸುಲಭವಾಗಲಿ ಅಂತ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರಗಳನ್ನು ಬಳಸಿ. ಖಾಲಿ ಜಾಗ, ಚುಕ್ಕಿ, ಅಡ್ಡಗೆರೆ, ಕೋಲನ್ ಇವೆಲ್ಲ ಇಲ್ಲಿ ಎಲ್ಲಿವೆಯೋ ಅಲ್ಲೇ ಇರಬೇಕು.

ಸರ್ವರ್‌ಲೆಸ್ ಅಂದರೆ ಏನು?

ನಾವು ಏರಿಸುವುದು ಸ್ಟ್ಯಾಟಿಕ್ ಸೈಟ್, ಅಂದರೆ ಇದ್ದ ಫೈಲನ್ನು ಇದ್ದ ಹಾಗೆ ಓದುಗರ ಬ್ರೌಸರ್‌ಗೆ ಕೊಡುವ ಸೈಟ್. ಯಾರಾದರೂ ಬಂದಾಗ ಹಿಂದೆ ಯಾವ ಪ್ರೋಗ್ರಾಂ ಕೂಡ ಪುಟವನ್ನು ಹೊಸದಾಗಿ ಕಟ್ಟುವುದಿಲ್ಲ. ಪಿಎಚ್‌ಪಿ ಓಡಿಸಬೇಕಾದ ಸೈಟ್ ಅಥವಾ ವರ್ಡ್‌ಪ್ರೆಸ್ ಸೈಟ್ ಇದ್ದ ಹಾಗೇ ಇಲ್ಲಿ ನಡೆಯುವುದಿಲ್ಲ. ಜಾವಾಸ್ಕ್ರಿಪ್ಟ್ ಬಳಸಬಹುದು, ಯಾಕೆಂದರೆ ಅದು ಓಡುವುದು ಓದುಗರ ಬ್ರೌಸರ್‌ನಲ್ಲಿ.

ಇಂಥ ಸೈಟನ್ನು ಹೀಗೆ ಇಡುವ ಬಗೆಯನ್ನು ಸರ್ವರ್‌ಲೆಸ್ ಅನ್ನುತ್ತಾರೆ. ಹಾಗಂದ ಮಾತ್ರಕ್ಕೆ ಸರ್ವರ್, ಅಂದರೆ ಪುಟಗಳನ್ನು ಓದುಗರಿಗೆ ಕಳಿಸುವ ಕಂಪ್ಯೂಟರ್, ಇಲ್ಲವೇ ಇಲ್ಲ ಅಂತಲ್ಲ. ಸರ್ವರ್ ಇದೆ, ಅದರ ಚಾಕರಿ ನಿಮ್ಮ ಪಾಲಿಗಿಲ್ಲ. ಲಿನಕ್ಸ್ ಅಪ್‌ಡೇಟ್ ಮಾಡುವುದು, ಡಿಸ್ಕ್ ತುಂಬಿತಾ ಅಂತ ನೋಡುವುದು, ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ನೆನಪಿಟ್ಟು ನವೀಕರಿಸುವುದು ಇದ್ಯಾವುದೂ ನಿಮಗಿಲ್ಲ. ನೀವು ಫೈಲ್ ಕೊಡುತ್ತೀರಿ. ಅವು ಸಿಡಿಎನ್ ಮೂಲಕ, ಅಂದರೆ ಜಗತ್ತಿನ ಬೇರೆ ಬೇರೆ ಕಡೆ ಇರುವ ಸರ್ವರ್‌ಗಳ ಜಾಲದ ಮೂಲಕ, ಓದುಗರಿಗೆ ತಲುಪುತ್ತವೆ. ಓದುಗರಿಗೆ ಹತ್ತಿರದ ಜಾಗದಿಂದಲೇ ಪುಟ ಬರುವುದರಿಂದ ಬೇಗ ತೆರೆಯುತ್ತದೆ.

ನೆಟ್ಲಿಫೈ, ಕ್ಲೌಡ್‌ಫ್ಲೇರ್ ಪೇಜಸ್, ಅಮೆಜಾನ್ ಎಸ್3 ಹೀಗೆ ದಾರಿಗಳು ಹಲವಿವೆ. ಮೊದಲ ಸಲ ಮಾಡುವವರಿಗೆ ನಾನು ಫೈರ್‌ಬೇಸ್ ಹೇಳುವುದಕ್ಕೆ ಮೂರು ಕಾರಣಗಳಿವೆ. ಎಚ್‌ಟಿಟಿಪಿಎಸ್ ತಾನಾಗಿಯೇ ಬರುತ್ತದೆ. ಎಲ್ಲರಿಗೂ ತೋರಿಸುವ ಮುಂಚೆ ಬೇರೆ ವಿಳಾಸದಲ್ಲಿ ಏರಿಸಿ ನೋಡಬಹುದು. ತಪ್ಪಾದರೆ ಒಂದೇ ನಿಮಿಷದಲ್ಲಿ ಹಿಂದಿನ ಸ್ಥಿತಿಗೆ ಮರಳಬಹುದು. ಈ ಹೋಸ್ಟಿಂಗ್ ಸೇವೆ ಶುರುವಾಗಿದ್ದು 2014ರಲ್ಲಿ. ಅದೇ ವರ್ಷ ಗೂಗಲ್ ಫೈರ್‌ಬೇಸ್ ಕಂಪನಿಯನ್ನು ಕೊಂಡುಕೊಂಡಿತು.

ದುಡ್ಡಿನ ಮಾತನ್ನೂ ಈಗಲೇ ಮುಗಿಸಿಬಿಡೋಣ. ಸ್ಪಾರ್ಕ್ ಅನ್ನುವ ಪ್ಲಾನ್ ಉಚಿತ, ಕಾರ್ಡ್ ವಿವರ ಕೇಳುವುದಿಲ್ಲ. ಅದರಲ್ಲಿ 10 ಜಿಬಿ ಜಾಗ ಮತ್ತು ದಿನಕ್ಕೆ 360 ಎಂಬಿ ಡೇಟಾ ಸಿಗುತ್ತದೆ. ಈ ಎರಡನೆಯ ಅಂಕಿಯನ್ನು ಗಮನವಿಟ್ಟು ನೋಡಿ. ನಿಮ್ಮ ಮುಖಪುಟ ಚಿತ್ರಗಳೂ ಸೇರಿ 2 ಎಂಬಿ ಇದ್ದರೆ ದಿನಕ್ಕೆ 180 ಸಲ ತೆರೆಯುವಷ್ಟಕ್ಕೆ ಡೇಟಾ ಮುಗಿಯುತ್ತದೆ. ಅದೇ ಪುಟವನ್ನು ಅರ್ಧ ಎಂಬಿಗೆ ಇಳಿಸಿದರೆ 720 ಸಲ ತೆರೆಯಬಹುದು. ಚಿತ್ರಗಳನ್ನು ಕುಗ್ಗಿಸುವುದು ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವ ಕೆಲಸ. ಮೊಬೈಲ್ ಕ್ಯಾಮೆರಾದಿಂದ ಬಂದ ಫೋಟೋವನ್ನು ಹಾಗೇ ಹಾಕಬೇಡಿ. ವಿಡಿಯೋವನ್ನಂತೂ ಇಲ್ಲಿ ಇಡಲೇಬೇಡಿ. ವಿಡಿಯೋಗೆಂದೇ ಇರುವ ಜಾಗಕ್ಕೆ ಹಾಕಿ, ಇಲ್ಲಿ ಲಿಂಕ್ ಕೊಡಿ.

ಮೊದಲು ಫೋಲ್ಡರ್ ಹಸನು ಮಾಡಿ

ಒಂದು ಹೊಸ ಫೋಲ್ಡರ್ ಮಾಡಿ, ಅದಕ್ಕೆ 'ನನ್ನಸೈಟ್' ಅಂತ ಹೆಸರಿಡಿ ಅಂದುಕೊಳ್ಳೋಣ. ಅದರೊಳಗೆ 'ಪಬ್ಲಿಕ್' ಅನ್ನುವ ಇನ್ನೊಂದು ಫೋಲ್ಡರ್ ಮಾಡಿ. ಜನರಿಗೆ ಕಾಣಬೇಕಾದದ್ದು ಮಾತ್ರ ಪಬ್ಲಿಕ್ ಒಳಗೆ ಇರಲಿ. ಫೋಟೋಶಾಪ್ ಫೈಲುಗಳು, ಅರ್ಧ ಬರೆದ ಕರಡು, ಹಳೆಯ ಬ್ಯಾಕಪ್, ಫೋನ್ ನಂಬರುಗಳ ಪಟ್ಟಿ ಇವೆಲ್ಲ ಹೊರಗಿರಲಿ. ಪುಟದಲ್ಲಿ ಲಿಂಕ್ ಕೊಡದಿದ್ದರೆ ಯಾರಿಗೂ ಕಾಣುವುದಿಲ್ಲ ಅಂತ ಹಲವರು ಅಂದುಕೊಂಡಿರುತ್ತಾರೆ. ಅದು ತಪ್ಪು. ಆ ಫೋಲ್ಡರ್‌ಗೆ ಬಿದ್ದ ಫೈಲ್ ಅಂದರೆ ಊರಿಗೆಲ್ಲ ಹಂಚಿದ ಫೈಲ್. ವಿಳಾಸ ಊಹಿಸಿದವರು ಯಾರು ಬೇಕಾದರೂ ತೆರೆಯಬಹುದು.

ಮುಖಪುಟದ ಹೆಸರು ಇಂಡೆಕ್ಸ್.ಎಚ್‌ಟಿಎಂಎಲ್ ಅಂತಲೇ ಇರಬೇಕು, ಮತ್ತು ಅದು ಪಬ್ಲಿಕ್ ಫೋಲ್ಡರ್‌ನ ಒಳಗೆ ನೇರವಾಗಿ ಇರಬೇಕು. ಇನ್ನೊಂದು ಉಪಫೋಲ್ಡರ್‌ನಲ್ಲಿ ಇದ್ದರೆ ಸೈಟ್ ತೆರೆದಾಗ ಮುಖಪುಟದ ಬದಲು 'ಪುಟ ಸಿಗಲಿಲ್ಲ' ಅನ್ನುವ ಸಂದೇಶ ಬರುತ್ತದೆ.

ಇನ್ನು ಫೈಲ್ ಹೆಸರುಗಳು. ಇದರಲ್ಲಿ ನಾನೇ ಒಮ್ಮೆ ಸಿಕ್ಕಿಹಾಕಿಕೊಂಡಿದ್ದೇನೆ. ವಿಂಡೋಸ್ ಕಂಪ್ಯೂಟರ್‌ನಲ್ಲಿ ಒಂದು ಸೈಟ್ ಮಾಡಿದ್ದೆ. ಒಂದೊಂದು ಪುಟವನ್ನೂ ತೆರೆದು ನೋಡಿ, ಎಲ್ಲ ಸರಿಯಿದೆ ಅಂತ ಏರಿಸಿದೆ. ಮೊಬೈಲ್‌ನಲ್ಲಿ ತೆರೆದರೆ ಅರ್ಧದಷ್ಟು ಚಿತ್ರಗಳೇ ಇಲ್ಲ! ಎರಡು ಗಂಟೆ ಹುಡುಕಿದೆ. ಕೊನೆಗೆ ನೋಡಿದರೆ, ಪುಟದಲ್ಲಿ ಹೆಸರನ್ನು ಸಣ್ಣ ಅಕ್ಷರದಲ್ಲಿ ಬರೆದಿದ್ದೆ, ಫೈಲ್‌ನ ಬಾಲ ಮಾತ್ರ ದೊಡ್ಡ ಅಕ್ಷರದ ಜೆಪಿಜಿ ಆಗಿತ್ತು. ವಿಂಡೋಸ್ ಮತ್ತು ಮ್ಯಾಕ್ ಸಾಮಾನ್ಯವಾಗಿ ದೊಡ್ಡ ಅಕ್ಷರ, ಸಣ್ಣ ಅಕ್ಷರಗಳಲ್ಲಿ ಭೇದ ಮಾಡುವುದಿಲ್ಲ. ವೆಬ್‌ನಲ್ಲಿ ಅವು ಬೇರೆ ಬೇರೆ ವಿಳಾಸಗಳು. ಅಂದಿನಿಂದ ನನ್ನ ನಿಯಮ ಒಂದೇ: ಎಲ್ಲ ಫೈಲ್ ಹೆಸರು ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ, ಪದಗಳ ನಡುವೆ ಖಾಲಿ ಜಾಗದ ಬದಲು ಅಡ್ಡಗೆರೆ.

ಪುಟದೊಳಗಿನ ಲಿಂಕ್‌ಗಳನ್ನೂ ಒಮ್ಮೆ ಹುಡುಕಿ ನೋಡಿ. ಎಲ್ಲಾದರೂ 'ಸಿ' ಡ್ರೈವ್‌ನ ಹೆಸರು ಸೇರಿಕೊಂಡಿದ್ದರೆ ಅದು ನಿಮ್ಮ ಕಂಪ್ಯೂಟರ್‌ನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಹಾಗೆಯೇ ಉಲ್ಟಾ ಓರೆಗೆರೆ ಇದ್ದರೆ ಅದನ್ನು ಸಾದಾ ಓರೆಗೆರೆಗೆ ಬದಲಾಯಿಸಿ.

ಹ್ಯೂಗೋ, ಆಸ್ಟ್ರೋ, ಜೆಕಿಲ್ ಥರದ ಟೂಲ್ ಬಳಸಿ ಸೈಟ್ ಕಟ್ಟುವವರಿಗೆ ಲೆಕ್ಕ ಸ್ವಲ್ಪ ಬೇರೆ. ನೀವು ಬರೆಯುವ ಫೋಲ್ಡರ್ ಬೇರೆ, ಬಿಲ್ಡ್ ಆದ ಮೇಲೆ, ಅಂದರೆ ಟೂಲ್ ಪುಟಗಳನ್ನು ಕಟ್ಟಿದ ಮೇಲೆ, ಸಿಗುವ ಫೋಲ್ಡರ್ ಬೇರೆ. ಏರಿಸಬೇಕಾದದ್ದು ಎರಡನೆಯದು. ಹ್ಯೂಗೋದಲ್ಲಿ ಅದರ ಹೆಸರು 'ಪಬ್ಲಿಕ್'. ಆಸ್ಟ್ರೋ ಮತ್ತು ವೀಟ್‌ನಲ್ಲಿ 'ಡಿಸ್ಟ್'. ಜೆಕಿಲ್ ಮತ್ತು ಇಲೆವೆಂಟಿಯಲ್ಲಿ ಮುಂದೆ ಕೆಳಗೆರೆ ಇರುವ 'ಸೈಟ್'. ಒಂದು ಎಚ್ಚರಿಕೆ: ಆಸ್ಟ್ರೋ ಮತ್ತು ವೀಟ್‌ನಲ್ಲೂ 'ಪಬ್ಲಿಕ್' ಅನ್ನುವ ಫೋಲ್ಡರ್ ಇರುತ್ತದೆ, ಆದರೆ ಅದು ಬಿಲ್ಡ್ ಆದದ್ದಲ್ಲ. ಹೆಸರು ನೋಡಿ ಅದನ್ನೇ ಏರಿಸಿದರೆ ಪುಟಗಳೇ ಇಲ್ಲದೆ ಬರೀ ಐಕಾನ್, ಚಿತ್ರಗಳು ಮಾತ್ರ ಹೋಗುತ್ತವೆ.

ಟೂಲ್ ಹಾಕಿಕೊಳ್ಳಿ

ಫೈರ್‌ಬೇಸ್ ಟೂಲ್ ಓಡುವುದು ನೋಡ್ ಜೆಎಸ್ ಮೇಲೆ, ಅಂದರೆ ಬ್ರೌಸರ್‌ನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ ಮೇಲೆ. ನೋಡ್‌ನ ಅಧಿಕೃತ ತಾಣದಿಂದ ಎಲ್‌ಟಿಎಸ್ ಅಂತ ಗುರುತು ಹಾಕಿರುವ ಆವೃತ್ತಿಯನ್ನು ಇಳಿಸಿಕೊಂಡು ಹಾಕಿಕೊಳ್ಳಿ. ಅದರ ಜೊತೆಗೇ ಎನ್‌ಪಿಎಂ (ಇಂಥ ಟೂಲ್‌ಗಳನ್ನು ಇಳಿಸಿ ಹಾಕಿಕೊಡುವ ಪ್ರೋಗ್ರಾಂ) ಕೂಡ ಬರುತ್ತದೆ. ಟರ್ಮಿನಲ್ ಈಗಾಗಲೇ ತೆರೆದಿದ್ದರೆ ಮುಚ್ಚಿ ಹೊಸದಾಗಿ ತೆರೆಯಿರಿ, ಇಲ್ಲದಿದ್ದರೆ ನೋಡ್ ಇರುವುದು ಅದಕ್ಕೆ ಗೊತ್ತಾಗುವುದಿಲ್ಲ. ಆಮೇಲೆ ಹೀಗೆ ಕೇಳಿ:

ನೋಡ್ --ವರ್ಷನ್

ಒಂದು ಸಂಖ್ಯೆ ಬಂದರೆ ಆಯಿತು. ಮುಂದಿನದು:

ಎನ್‌ಪಿಎಂ ಇನ್‌ಸ್ಟಾಲ್ -ಜಿ ಫೈರ್‌ಬೇಸ್-ಟೂಲ್ಸ್

ಇಲ್ಲಿ 'ಜಿ' ಅಂದರೆ ಗ್ಲೋಬಲ್. ಯಾವ ಫೋಲ್ಡರ್‌ನಲ್ಲಿದ್ದರೂ ಟೂಲ್ ಸಿಗುವ ಹಾಗೆ ಹಾಕು ಅಂತ ಅರ್ಥ. ಸ್ವಲ್ಪ ಹೊತ್ತು ಹಿಡಿಯುತ್ತದೆ. ನಡುವೆ ಹಳದಿ ಬಣ್ಣದ ಎಚ್ಚರಿಕೆಗಳು ಬರಬಹುದು, ಅವಕ್ಕೆ ಹೆದರಬೇಡಿ. ಮುಗಿದ ಮೇಲೆ 'ಫೈರ್‌ಬೇಸ್ --ವರ್ಷನ್' ಅಂತ ಕೊಟ್ಟು ನೋಡಿ.

ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಈ ಹಂತದಲ್ಲಿ ಕೆಲವರಿಗೆ ಕೆಂಪು ಅಕ್ಷರದಲ್ಲಿ 'ಸ್ಕ್ರಿಪ್ಟ್ ಓಡಿಸಲು ಅನುಮತಿ ಇಲ್ಲ' ಅನ್ನುವ ಅರ್ಥದ ದೂರು ಬರುತ್ತದೆ. ಟೂಲ್ ಕೆಟ್ಟಿಲ್ಲ. ಪವರ್‌ಶೆಲ್ ಸ್ಕ್ರಿಪ್ಟ್‌ಗಳನ್ನು ತಡೆಯುತ್ತಿದೆ ಅಷ್ಟೇ. ಸುಮ್ನೆ ಕಮಾಂಡ್ ಪ್ರಾಂಪ್ಟ್ ತೆರೆದು ಅಲ್ಲಿ ಅದೇ ಕಮಾಂಡ್ ಕೊಡಿ, ನಡೆಯುತ್ತದೆ. ಮ್ಯಾಕ್ ಅಥವಾ ಲಿನಕ್ಸ್‌ನಲ್ಲಿ ಅನುಮತಿಯ ತೊಂದರೆ ಬಂದರೆ ಅದಕ್ಕೆ ತಟ್ಟನೆ 'ಸುಡೋ' (ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅನ್ನುವ ಪದ) ಸೇರಿಸುವ ಅಭ್ಯಾಸ ಬೇಡ. ಎನ್‌ವಿಎಂ (ನೋಡ್ ಆವೃತ್ತಿಗಳನ್ನು ನೋಡಿಕೊಳ್ಳುವ ಟೂಲ್) ಮೂಲಕ ನೋಡ್ ಹಾಕಿಕೊಂಡರೆ ಎಲ್ಲವೂ ನಿಮ್ಮ ಹೋಮ್ ಫೋಲ್ಡರ್‌ನಲ್ಲೇ ಕೂರುತ್ತದೆ, ಈ ಜಗಳವೇ ಇರುವುದಿಲ್ಲ. ನೋಡ್ ಬೇಡವೇ ಬೇಡ ಅನ್ನುವವರಿಗೆ ಒಂದೇ ಫೈಲ್‌ನ ಸ್ಟ್ಯಾಂಡ್‌ಅಲೋನ್ ಬೈನರಿಯೂ ಸಿಗುತ್ತದೆ.

ಲಾಗಿನ್ ಮತ್ತು ಪ್ರಾಜೆಕ್ಟ್

ಫೈರ್‌ಬೇಸ್ ಲಾಗಿನ್

ಅಂತ ಕೊಟ್ಟರೆ ಬ್ರೌಸರ್ ತೆರೆದುಕೊಂಡು ಯಾವ ಗೂಗಲ್ ಖಾತೆ ಅಂತ ಕೇಳುತ್ತದೆ. ಎರಡು ಮೂರು ಖಾತೆ ಇರುವವರು ಇಲ್ಲಿ ಒಂದು ಕ್ಷಣ ನಿಂತು ನೋಡಿ ಆರಿಸಿ. ಪ್ರಾಜೆಕ್ಟ್ ಒಂದು ಖಾತೆಯಲ್ಲಿ, ಲಾಗಿನ್ ಇನ್ನೊಂದರಲ್ಲಿ ಆದರೆ ಮುಂದೆ 403, ಅಂದರೆ ಅನುಮತಿ ಇಲ್ಲ, ಅನ್ನುವ ತಪ್ಪು ಬಂದು ತಲೆ ಕೆಡಿಸುತ್ತದೆ. ಈಗ ಯಾವ ಖಾತೆಯಲ್ಲಿದ್ದೇನೆ ಅಂತ ನೋಡಲು 'ಫೈರ್‌ಬೇಸ್ ಲಾಗಿನ್:ಲಿಸ್ಟ್' ಸಾಕು. ಬ್ರೌಸರ್ ಇಲ್ಲದ ದೂರದ ಕಂಪ್ಯೂಟರ್‌ನಲ್ಲಿ ಕೆಲಸ ಮಾಡುತ್ತಿದ್ದರೆ 'ಫೈರ್‌ಬೇಸ್ ಲಾಗಿನ್ --ನೋ-ಲೋಕಲ್‌ಹೋಸ್ಟ್' ಬಳಸಿ. ಅದು ಒಂದು ಲಿಂಕ್ ಕೊಡುತ್ತದೆ, ಅದನ್ನು ನಿಮ್ಮ ಬ್ರೌಸರ್‌ನಲ್ಲಿ ತೆರೆದು, ಅಲ್ಲಿ ಸಿಗುವ ಕೋಡನ್ನು ತಂದು ಅಂಟಿಸಬೇಕು. ಹಲವರು ಬಳಸುವ ಕಂಪ್ಯೂಟರ್ ಆದರೆ ಏಳುವ ಮುಂಚೆ 'ಫೈರ್‌ಬೇಸ್ ಲಾಗೌಟ್' ಮರೆಯಬೇಡಿ.

ಈಗ ಬ್ರೌಸರ್‌ನಲ್ಲಿ ಫೈರ್‌ಬೇಸ್ ಕನ್ಸೋಲ್‌ಗೆ, ಅಂದರೆ ಪ್ರಾಜೆಕ್ಟ್‌ಗಳನ್ನು ನೋಡಿಕೊಳ್ಳುವ ಅದರ ತಾಣಕ್ಕೆ, ಹೋಗಿ ಒಂದು ಪ್ರಾಜೆಕ್ಟ್ ಮಾಡಿ. ಟರ್ಮಿನಲ್‌ನಿಂದಲೂ ಮಾಡಬಹುದು. ಆದರೆ ಮೊದಲ ಸಲ ಷರತ್ತುಗಳಿಗೆ ಒಪ್ಪಿಗೆ ಕೊಡಬೇಕಾಗುತ್ತದೆ, ಅದು ಕನ್ಸೋಲ್‌ನಲ್ಲೇ ಸಲೀಸು. ಅನಲಿಟಿಕ್ಸ್ ಬೇಕಾ ಅಂತ ಕೇಳಿದರೆ ಬೇಡ ಅನ್ನಿ, ಸೈಟ್ ಏರಿಸಲು ಅದರ ಅಗತ್ಯ ಇಲ್ಲ.

ಪ್ರಾಜೆಕ್ಟ್ ಐಡಿ ಬಗ್ಗೆ ಮಾತ್ರ ಯೋಚನೆ ಮಾಡಿ. ಪ್ರಾಜೆಕ್ಟ್ ಹೆಸರನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು, ಐಡಿಯನ್ನು ಒಮ್ಮೆ ಮಾಡಿದ ಮೇಲೆ ಬದಲಾಯಿಸಲು ಆಗುವುದಿಲ್ಲ. ನಿಮ್ಮ ಸೈಟ್ ವಿಳಾಸದಲ್ಲಿ ಸಾಮಾನ್ಯವಾಗಿ ಕಾಣುವುದೂ ಅದೇ. ಐಡಿಯ ಕೊನೆಗೆ '.ವೆಬ್.ಆಪ್' ಸೇರಿಸಿದರೆ ಅದೇ ನಿಮ್ಮ ವಿಳಾಸ. '.ಫೈರ್‌ಬೇಸ್ಆಪ್.ಕಾಮ್' ಸೇರಿಸಿದ ಇನ್ನೊಂದು ವಿಳಾಸವೂ ಜೊತೆಗೆ ಸಿಗುತ್ತದೆ. ಬೇರೆ ಯಾರಾದರೂ ಆ ಐಡಿ ತೆಗೆದುಕೊಂಡಿದ್ದರೆ ಕೊನೆಗೆ ಒಂದಿಷ್ಟು ಅಕ್ಷರ ಸೇರಿಸಿ ಕೊಡುತ್ತದೆ. ಹಾಗೇ ಒಪ್ಪಿಕೊಳ್ಳುವ ಬದಲು ಪೆನ್ಸಿಲ್ ಗುರುತು ಒತ್ತಿ ಬಾಯಲ್ಲಿ ಹೇಳಲು ಬರುವಂಥ ಐಡಿ ಕೊಡಿ.

ಇನಿಟ್: ಇಲ್ಲಿ ನಿಧಾನ

ಟರ್ಮಿನಲ್‌ನಲ್ಲಿ 'ಸಿಡಿ' ಕಮಾಂಡ್ ಬಳಸಿ ನನ್ನಸೈಟ್ ಫೋಲ್ಡರ್‌ಗೆ ಹೋಗಿ. ಪಬ್ಲಿಕ್ ಒಳಗೆ ಹೋಗಬೇಡಿ, ಅದರ ಹೊರಗೆ ನಿಲ್ಲಿ. ಎಲ್ಲಿದ್ದೀರಿ ಅಂತ ಖಾತ್ರಿ ಮಾಡಿಕೊಳ್ಳಲು ವಿಂಡೋಸ್‌ನಲ್ಲಿ 'ಡಿರ್', ಮ್ಯಾಕ್ ಅಥವಾ ಲಿನಕ್ಸ್‌ನಲ್ಲಿ 'ಎಲ್ಎಸ್' ಕೊಡಿ. ಪಟ್ಟಿಯಲ್ಲಿ ಪಬ್ಲಿಕ್ ಕಾಣಬೇಕು. ಕಂಡ ಮೇಲೆ, ಈ ಫೋಲ್ಡರನ್ನು ಹೋಸ್ಟಿಂಗ್‌ಗೆ ಸಿದ್ಧ ಮಾಡುವ ಇನಿಟ್ ಕಮಾಂಡ್ ಕೊಡಿ:

ಫೈರ್‌ಬೇಸ್ ಇನಿಟ್ ಹೋಸ್ಟಿಂಗ್

ಬರೀ 'ಫೈರ್‌ಬೇಸ್ ಇನಿಟ್' ಅಂದರೆ ಫೈರ್‌ಬೇಸ್‌ನ ಎಲ್ಲ ಸೇವೆಗಳ ಉದ್ದ ಪಟ್ಟಿ ಬರುತ್ತದೆ. ಅಲ್ಲಿ ಸ್ಪೇಸ್ ಒತ್ತಿ ಗುರುತು ಹಾಕಬೇಕು, ಆಮೇಲೆ ಎಂಟರ್ ಒತ್ತಬೇಕು. ಗುರುತು ಹಾಕದೆ ಎಂಟರ್ ಒತ್ತಿ 'ಏನೂ ಆಗಲಿಲ್ಲ' ಅಂತ ಗೊಂದಲ ಆಗುವವರು ಬಹಳ. 'ಹೋಸ್ಟಿಂಗ್' ಸೇರಿಸಿ ಕೊಟ್ಟರೆ ಆ ಪಟ್ಟಿಯೇ ಬರುವುದಿಲ್ಲ.

ಮುಂದೆ ಒಂದರ ಹಿಂದೆ ಒಂದು ಪ್ರಶ್ನೆ. ಆವೃತ್ತಿಯಿಂದ ಆವೃತ್ತಿಗೆ ಪ್ರಶ್ನೆಗಳ ಮಾತು, ಕ್ರಮ ಸ್ವಲ್ಪ ಬದಲಾಗಬಹುದು, ತಿರುಳು ಇದೇ.

ಯಾವ ಪ್ರಾಜೆಕ್ಟ್ ಅಂತ ಕೇಳಿದರೆ ಈಗಾಗಲೇ ಇರುವ ಪ್ರಾಜೆಕ್ಟ್ ಆರಿಸಿ, ನೀವು ಮಾಡಿದ ಐಡಿ ತೋರಿಸಿ.

ಪಬ್ಲಿಕ್ ಡೈರೆಕ್ಟರಿ, ಅಂದರೆ ಏರಿಸಬೇಕಾದ ಫೋಲ್ಡರ್, ಯಾವುದು ಅಂತ ಕೇಳುತ್ತದೆ. ಇಡೀ ಕೆಲಸದಲ್ಲಿ ಇದೇ ದೊಡ್ಡ ಪ್ರಶ್ನೆ. ಎಂಟರ್ ಒತ್ತಿದರೆ 'ಪಬ್ಲಿಕ್' ಅಂತ ತೆಗೆದುಕೊಳ್ಳುತ್ತದೆ. ನಮ್ಮ ಫೋಲ್ಡರ್ ಹೆಸರೂ ಅದೇ ಇರುವುದರಿಂದ ಸರಿ. ಬೇರೆ ಟೂಲ್‌ನಿಂದ ಕಟ್ಟಿದ ಸೈಟ್ ಆದರೆ ಆಗಲೇ ಹೇಳಿದ ಹೆಸರನ್ನು ಟೈಪ್ ಮಾಡಿ. ಕೆಲವರು ಇಲ್ಲಿ ಬರೀ ಒಂದು ಚುಕ್ಕಿ ಕೊಡುತ್ತಾರೆ. ಚುಕ್ಕಿ ಅಂದರೆ 'ಈಗ ನಿಂತಿರುವ ಫೋಲ್ಡರ್ ಪೂರ್ತಿ'. ಹಾಗೆ ಕೊಟ್ಟರೆ ಕರಡು, ಬ್ಯಾಕಪ್ ಎಲ್ಲ ಮೇಲೆ ಹೋಗುತ್ತವೆ. ದಯವಿಟ್ಟು ಚುಕ್ಕಿ ಕೊಡಬೇಡಿ.

ಸಿಂಗಲ್ ಪೇಜ್ ಆಪ್ ಆಗಿ ಹೊಂದಿಸಲಾ ಅಂತ ಕೇಳುತ್ತದೆ. ರಿಯಾಕ್ಟ್ ಥರದ್ದರಲ್ಲಿ ಬರೆದು, ಎಲ್ಲ ಪುಟಗಳನ್ನೂ ಜಾವಾಸ್ಕ್ರಿಪ್ಟ್ ಒಂದೇ ಫೈಲ್‌ನಿಂದ ತೋರಿಸುತ್ತಿದ್ದರೆ ಮಾತ್ರ ಹೌದು ಅನ್ನಿ. ಬೇರೆ ಬೇರೆ ಎಚ್‌ಟಿಎಂಎಲ್ ಫೈಲುಗಳ ಸೈಟ್ ಆದರೆ ಇಲ್ಲ ಅನ್ನಿ. ತಪ್ಪಿ ಹೌದು ಅಂದರೆ, ಇಲ್ಲದ ವಿಳಾಸಕ್ಕೆ ಹೋದವರಿಗೂ ಮುಖಪುಟವೇ ಕಾಣುತ್ತದೆ. ಲಿಂಕ್ ಮುರಿದಿರುವುದು ನಿಮಗೆ ಗೊತ್ತೇ ಆಗುವುದಿಲ್ಲ.

ಗಿಟ್‌ಹಬ್ (ಕೋಡ್ ಇಟ್ಟುಕೊಳ್ಳುವ ತಾಣ) ಜೊತೆ ಜೋಡಿಸಲಾ ಅಂದರೆ ಸದ್ಯಕ್ಕೆ ಬೇಡ. ಮೊದಲು ಕೈಯಿಂದ ನಾಲ್ಕು ಸಲ ಏರಿಸಿ ಅಭ್ಯಾಸ ಆಗಲಿ. ಆಮೇಲೆ 'ಫೈರ್‌ಬೇಸ್ ಇನಿಟ್ ಹೋಸ್ಟಿಂಗ್:ಗಿಟ್‌ಹಬ್' ಕೊಟ್ಟು ಯಾವಾಗ ಬೇಕಾದರೂ ಜೋಡಿಸಬಹುದು.

ಕೊನೆಗೆ, ಇಂಡೆಕ್ಸ್.ಎಚ್‌ಟಿಎಂಎಲ್ ಆಗಲೇ ಇದೆ, ಅದರ ಮೇಲೆ ಬರೆಯಲಾ ಅಂತ ಕೇಳುತ್ತದೆ. ಇಲ್ಲಿ 'ಎನ್' ಒತ್ತಿ. ಕೈ ರೂಢಿಯಲ್ಲಿ 'ವೈ' ಒತ್ತಿದರೆ ನೀವು ಕಷ್ಟಪಟ್ಟು ಮಾಡಿದ ಮುಖಪುಟ ಹೋಗಿ, ಅದರ ಜಾಗದಲ್ಲಿ ಟೂಲ್‌ನ ಸ್ವಾಗತ ಪುಟ ಕೂರುತ್ತದೆ. ರೀಸೈಕಲ್ ಬಿನ್‌ನಲ್ಲೂ ಸಿಗುವುದಿಲ್ಲ. ಅದಕ್ಕೇ ಇನಿಟ್ ಮಾಡುವ ಮುಂಚೆ ಫೋಲ್ಡರ್‌ನ ಒಂದು ನಕಲು ಇಟ್ಟುಕೊಳ್ಳಿ, ಅಥವಾ ಗಿಟ್ ಬಳಸುವವರಾದರೆ ಒಂದು ಕಮಿಟ್ ಮಾಡಿ. ಇಲ್ಲದ ವಿಳಾಸಕ್ಕೆ ಹೋದವರಿಗೆ ಕಾಣುವ 404.ಎಚ್‌ಟಿಎಂಎಲ್ ಬಗ್ಗೆಯೂ ಇದೇ ಮಾತು. ನಿಮ್ಮದು ಇಲ್ಲದಿದ್ದರೆ ಅದು ಒಂದನ್ನು ಮಾಡಿಕೊಡುತ್ತದೆ. ಅದನ್ನು ತೆರೆದು ಕನ್ನಡದಲ್ಲಿ 'ಈ ಪುಟ ಇಲ್ಲಿಲ್ಲ' ಅಂತ ಬರೆದು, ಮುಖಪುಟಕ್ಕೊಂದು ಲಿಂಕ್ ಕೊಡಿ. ದಾರಿ ತಪ್ಪಿ ಬಂದವರಿಗೆ ಅಷ್ಟು ಮಾಡಬೇಕು ಅಲ್ವಾ?

ಇಷ್ಟಾದ ಮೇಲೆ ನನ್ನಸೈಟ್ ಫೋಲ್ಡರ್‌ನಲ್ಲಿ ಎರಡು ಮುಖ್ಯ ಹೊಸ ಫೈಲ್ ಬಂದಿರುತ್ತವೆ. ಫೈರ್‌ಬೇಸ್.ಜೇಸನ್‌ನಲ್ಲಿ ಯಾವ ಫೋಲ್ಡರ್ ಏರಿಸಬೇಕು, ಯಾವುದನ್ನು ಬಿಡಬೇಕು ಅನ್ನುವ ವಿವರ ಇರುತ್ತದೆ. ಚುಕ್ಕಿಯಿಂದ ಶುರುವಾಗುವ .ಫೈರ್‌ಬೇಸ್ಆರ್‌ಸಿಯಲ್ಲಿ ಯಾವ ಪ್ರಾಜೆಕ್ಟ್ ಅನ್ನುವುದು ಇರುತ್ತದೆ. ಮೊದಲನೆಯದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು 'ಪಬ್ಲಿಕ್' ಅನ್ನುವ ಸಾಲಿನ ಮುಂದೆ ಯಾವ ಫೋಲ್ಡರ್ ಹೆಸರಿದೆ ಅಂತ ಒಮ್ಮೆ ಕಣ್ಣಾರೆ ನೋಡಿಕೊಳ್ಳಿ. ಇನಿಟ್‌ನಲ್ಲಿ ತಪ್ಪು ಹೆಸರು ಕೊಟ್ಟಿದ್ದರೆ ಇಲ್ಲೇ ತಿದ್ದಿದರೆ ಸಾಕು, ಮತ್ತೆ ಇನಿಟ್ ಮಾಡಬೇಕಿಲ್ಲ. ಅದೇ ಫೈಲ್‌ನಲ್ಲಿ 'ಇಗ್ನೋರ್' ಅನ್ನುವ ಪಟ್ಟಿಯೂ ಇದೆ. ಚುಕ್ಕಿಯಿಂದ ಶುರುವಾಗುವ ಫೈಲುಗಳು ಮತ್ತು ನೋಡ್ ಮಾಡ್ಯೂಲ್‌ಗಳ ಫೋಲ್ಡರ್ ಹೋಗದಂತೆ ಅದು ತಡೆಯುತ್ತದೆ. ಆ ಪಟ್ಟಿಯನ್ನು ಅಳಿಸಬೇಡಿ.

ಮನೆಯಲ್ಲಿ ನೋಡಿ, ಆಮೇಲೆ ಬೀದಿಗೆ

ಫೈರ್‌ಬೇಸ್ ಸರ್ವ್ --ಓನ್ಲಿ ಹೋಸ್ಟಿಂಗ್

ಅಂದರೆ ನಿಮ್ಮ ಕಂಪ್ಯೂಟರ್‌ನಲ್ಲೇ ಒಂದು ಚಿಕ್ಕ ಸರ್ವರ್ ಶುರುವಾಗುತ್ತದೆ. ಸಾಮಾನ್ಯವಾಗಿ 5000ನೇ ಪೋರ್ಟ್. ಅದನ್ನು ಬೇರೆ ಪ್ರೋಗ್ರಾಂ ಹಿಡಿದುಕೊಂಡಿದ್ದರೆ ಬೇರೆ ಸಂಖ್ಯೆ ಬರಬಹುದು, ಟರ್ಮಿನಲ್‌ನಲ್ಲಿ ತೋರಿಸಿದ ವಿಳಾಸವನ್ನೇ ಬ್ರೌಸರ್‌ಗೆ ಕೊಡಿ. ಡಬಲ್ ಕ್ಲಿಕ್ ಮಾಡಿ ನೋಡುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಓರೆಗೆರೆಯಿಂದ ಶುರುವಾಗುವ ಲಿಂಕ್‌ಗಳು ಡಬಲ್ ಕ್ಲಿಕ್‌ನಲ್ಲಿ ಡ್ರೈವ್‌ನ ಬುಡಕ್ಕೆ ಹೋಗುತ್ತವೆ, ಇಲ್ಲಿ ಸೈಟ್‌ನ ಬುಡಕ್ಕೆ ಹೋಗುತ್ತವೆ. ಎಲ್ಲ ಲಿಂಕ್ ಒತ್ತಿ ನೋಡಿ. ಇಲ್ಲದ ಒಂದು ವಿಳಾಸ ಕೊಟ್ಟು 404 ಪುಟ ಬರುತ್ತದಾ ಅಂತಲೂ ನೋಡಿ. ಮುಗಿದ ಮೇಲೆ ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿದರೆ ಸರ್ವರ್ ನಿಲ್ಲುತ್ತದೆ.

ಆದರೆ ದೊಡ್ಡ ಅಕ್ಷರ, ಸಣ್ಣ ಅಕ್ಷರದ ತಪ್ಪು ಇಲ್ಲೂ ಕಾಣದೇ ಇರಬಹುದು, ಯಾಕೆಂದರೆ ಫೈಲ್ ಓದುತ್ತಿರುವುದು ಈಗಲೂ ನಿಮ್ಮದೇ ಕಂಪ್ಯೂಟರ್. ಅದಕ್ಕೆ ನನಗೆ ತುಂಬ ಇಷ್ಟವಾದ ಮುಂದಿನ ಹಂತ ಇದೆ, ಪ್ರಿವ್ಯೂ ಚಾನೆಲ್:

ಫೈರ್‌ಬೇಸ್ ಹೋಸ್ಟಿಂಗ್:ಚಾನೆಲ್:ಡಿಪ್ಲಾಯ್ ಪರೀಕ್ಷೆ

ಕೊನೆಯ ಪದ ನೀವಿಡುವ ಹೆಸರು, ಇಂಗ್ಲಿಷ್ ಅಕ್ಷರದಲ್ಲಿ ಏನು ಬೇಕಾದರೂ ಇಡಿ. ಈಗ ಸೈಟ್ ನಿಜವಾಗಿಯೂ ಮೇಲೆ ಹೋಗುತ್ತದೆ, ಆದರೆ ಬೇರೆ ವಿಳಾಸಕ್ಕೆ. ಆ ವಿಳಾಸದಲ್ಲಿ ನಿಮ್ಮ ಐಡಿ, ಚಾನೆಲ್ ಹೆಸರು, ಜೊತೆಗೆ ಒಂದಿಷ್ಟು ಅಡ್ಡಾದಿಡ್ಡಿ ಅಕ್ಷರ ಇರುತ್ತವೆ. ಅದನ್ನು ಮೊಬೈಲ್‌ನಲ್ಲಿ ತೆರೆಯಿರಿ. ಗೆಳೆಯರಿಗೆ ಕಳಿಸಿ, ಅವರ ಫೋನ್‌ನಲ್ಲಿ ಅಕ್ಷರ ಸರಿಯಾಗಿ ಕಾಣುತ್ತದಾ ಕೇಳಿ. ಏಳು ದಿನ ಆದ ಮೇಲೆ ಈ ವಿಳಾಸ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಎರಡೇ ದಿನ ಸಾಕು ಅನಿಸಿದರೆ ಕೊನೆಗೆ '--ಎಕ್ಸ್‌ಪೈರ್ಸ್ 2ಡಿ' ಸೇರಿಸಿ. 30 ದಿನದವರೆಗೂ ಇಡಬಹುದು. ಹಾಗಂತ ಇದು ಗುಟ್ಟಿನ ಜಾಗ ಅಲ್ಲ. ವಿಳಾಸ ಗೊತ್ತಿರುವವರು ಯಾರು ಬೇಕಾದರೂ ನೋಡಬಹುದು.

ಏರಿಸುವುದು

ಪ್ರಿವ್ಯೂ ಸರಿಯಿದ್ದರೆ ಇನ್ನು ಉಳಿದದ್ದು ಒಂದೇ ಸಾಲು:

ಫೈರ್‌ಬೇಸ್ ಡಿಪ್ಲಾಯ್ --ಓನ್ಲಿ ಹೋಸ್ಟಿಂಗ್

ಎಂಟರ್ ಒತ್ತಿದ ಮೇಲೆ ಬರುವ ಸಾಲುಗಳನ್ನು ಓದಿ. ಪಬ್ಲಿಕ್ ಫೋಲ್ಡರ್‌ನಲ್ಲಿ ಇಷ್ಟು ಫೈಲ್ ಸಿಕ್ಕಿತು ಅಂತ ಒಂದು ಸಂಖ್ಯೆ ಬರುತ್ತದೆ. ಡಿಪ್ಲಾಯ್ ಮಾಡಿದಾಗಲೆಲ್ಲ ನಾನು ಮೊದಲು ನೋಡುವುದು ಅದನ್ನೇ. ನಿಮ್ಮ ಸೈಟ್‌ನಲ್ಲಿ ಸುಮಾರು 40 ಫೈಲ್ ಇದ್ದು ಇಲ್ಲಿ 2 ಅಂತ ಬಂದರೆ ಬೇರೆಯದೇ ಫೋಲ್ಡರ್ ಹೋಗಿದೆ. ಆ ಎರಡು ಫೈಲ್ ಇನಿಟ್ ಮಾಡಿಕೊಟ್ಟ ಇಂಡೆಕ್ಸ್ ಮತ್ತು 404 ಆಗಿರುವುದೇ ಹೆಚ್ಚು. ಸಾವಿರಗಟ್ಟಲೆ ಬಂದರೆ ಹೋಗಬಾರದ್ದೇನೋ ಸೇರಿಕೊಂಡಿದೆ. ಕೂಡಲೇ ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿ, ಫೈರ್‌ಬೇಸ್.ಜೇಸನ್ ತೆರೆದು ನೋಡಿ. ನಿಮ್ಮ ಸೈಟ್‌ನಲ್ಲಿ ಅಂದಾಜು ಎಷ್ಟು ಫೈಲ್ ಇವೆ ಅಂತ ತಲೆಯಲ್ಲಿರಲಿ. ಈ ಒಂದು ಅಂಕಿ ನನ್ನನ್ನು ಎಷ್ಟೋ ಸಲ ಉಳಿಸಿದೆ.

ಎರಡನೆಯ ಸಲದಿಂದ ಏರಿಸುವುದು ಬೇಗ ಮುಗಿಯುತ್ತದೆ. ಟೂಲ್ ಪ್ರತಿ ಫೈಲ್‌ನ ಗುರುತನ್ನು ಲೆಕ್ಕ ಹಾಕಿ, ಬದಲಾದದ್ದನ್ನು ಮಾತ್ರ ಕಳಿಸುತ್ತದೆ. ಎಲ್ಲ ಫೈಲ್ ಮೇಲೆ ತಲುಪಿದ ನಂತರವೇ ಹಳೆಯದರಿಂದ ಹೊಸದಕ್ಕೆ ಒಂದೇ ಏಟಿಗೆ ಬದಲಾವಣೆ ಆಗುತ್ತದೆ. ನಡುವೆ ಕರೆಂಟ್ ಹೋದರೂ ಓದುಗರಿಗೆ ಅರ್ಧ ಹಳೆಯ, ಅರ್ಧ ಹೊಸ ಸೈಟ್ ಕಾಣುವುದಿಲ್ಲ, ಹಳೆಯದೇ ಪೂರ್ತಿಯಾಗಿ ಇರುತ್ತದೆ. ಹಿಂದೆ ಎಫ್‌ಟಿಪಿಯಲ್ಲಿ ಒಂದೊಂದೇ ಫೈಲ್ ಎಳೆದು ಹಾಕಿದವರಿಗೆ ಇದು ಎಷ್ಟು ದೊಡ್ಡ ನೆಮ್ಮದಿ ಅಂತ ಗೊತ್ತಿರುತ್ತದೆ.

ಕೊನೆಗೆ ಡಿಪ್ಲಾಯ್ ಕಂಪ್ಲೀಟ್ ಅನ್ನುವ ಸಾಲು ಮತ್ತು ನಿಮ್ಮ ವಿಳಾಸ ಬರುತ್ತದೆ. ತೆರೆದು ನೋಡಿ. ಮೊದಲ ಸಲ ತನ್ನ ಪುಟ ಇನ್ನೊಬ್ಬರ ಫೋನ್‌ನಲ್ಲಿ ತೆರೆದುಕೊಂಡಾಗ ಆಗುವ ಖುಷಿಯೇ ಬೇರೆ.

ಪ್ರತಿ ಸಲ ಏರಿಸುವಾಗ '-ಎಂ' ಹಾಕಿ, ಅದರ ಮುಂದೆ ಜೋಡಿ ಉದ್ಧರಣ ಚಿಹ್ನೆಯೊಳಗೆ ಒಂದು ಸಣ್ಣ ಟಿಪ್ಪಣಿ ಬರೆಯಿರಿ. 'ಸಂಪರ್ಕ ಪುಟ ತಿದ್ದಿದೆ' ಅಂತ ಇದ್ದರೂ ಸಾಕು. ಹಿಂದಕ್ಕೆ ಹೋಗಬೇಕಾದಾಗ ಯಾವುದು ಯಾವುದು ಅಂತ ತಿಳಿಯುತ್ತದೆ.

ಬದಲಾಯಿಸಿದರೂ ಹಳೆಯದೇ ಕಾಣುತ್ತಿದೆ!

ಈ ದೂರು ಎಲ್ಲರಿಂದಲೂ ಬರುತ್ತದೆ. ಫೈರ್‌ಬೇಸ್ ಸಾಮಾನ್ಯವಾಗಿ ಫೈಲುಗಳ ಜೊತೆ 'ಇದನ್ನು 3600 ಸೆಕೆಂಡ್ ಇಟ್ಟುಕೋ' ಅಂತ ಬ್ರೌಸರ್‌ಗೆ ಹೇಳುತ್ತದೆ. ಅಂದರೆ ಒಂದು ಗಂಟೆ. ಹೊಸದಾಗಿ ಏರಿಸಿದ ತಕ್ಷಣ ಸಿಡಿಎನ್‌ನಲ್ಲಿದ್ದ ಹಳೆಯ ಪ್ರತಿ ಹೋಗುತ್ತದೆ. ಆದರೆ ಓದುಗರ ಬ್ರೌಸರ್‌ನಲ್ಲಿ ಆಗಲೇ ಕೂತಿರುವ ಪ್ರತಿಯನ್ನು ಯಾರೂ ಅಲ್ಲಿಗೆ ಹೋಗಿ ತೆಗೆಯಲು ಆಗುವುದಿಲ್ಲ. ನಿಮಗೆ ಬೇಗ ನೋಡಬೇಕಿದ್ದರೆ ಕಂಟ್ರೋಲ್, ಶಿಫ್ಟ್, ಆರ್ ಒಟ್ಟಿಗೆ ಒತ್ತಿ, ಅಥವಾ ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆಯಿರಿ.

ಓದುಗರಿಗೂ ಬೇಗ ತಲುಪಬೇಕು ಅಂದರೆ ಫೈರ್‌ಬೇಸ್.ಜೇಸನ್‌ನಲ್ಲಿ 'ಹೆಡರ್ಸ್' ಅನ್ನುವ ಭಾಗ ಸೇರಿಸಬಹುದು. ಎಚ್‌ಟಿಎಂಎಲ್ ಪುಟಗಳಿಗೆ ಕ್ಯಾಶ್-ಕಂಟ್ರೋಲ್ (ಪ್ರತಿಯನ್ನು ಹೇಗೆ ಇಟ್ಟುಕೊಳ್ಳಬೇಕು ಅಂತ ಬ್ರೌಸರ್‌ಗೆ ಹೇಳುವ ಸೂಚನೆ) ಅನ್ನುವಲ್ಲಿ 'ನೋ-ಕ್ಯಾಶ್' ಅಂತ ಕೊಡಿ. ಆಗ ಬ್ರೌಸರ್ ಪ್ರತಿ ಸಲ 'ಹೊಸದಿದೆಯಾ' ಅಂತ ಕೇಳುತ್ತದೆ, ಇಲ್ಲದಿದ್ದರೆ ತನ್ನಲ್ಲಿರುವುದನ್ನೇ ತೋರಿಸುತ್ತದೆ. ಚಿತ್ರ, ಸಿಎಸ್‌ಎಸ್‌ಗಳಿಗೆ ಒಂದು ವರ್ಷದ ಅವಧಿ, ಅಂದರೆ 31536000 ಸೆಕೆಂಡ್ ಕೊಡುವ ಪದ್ಧತಿ ಇದೆ. ಅದರಿಂದ ದಿನದ ಡೇಟಾ ಬಹಳ ಉಳಿಯುತ್ತದೆ. ಆದರೆ ಫೈಲ್ ಬದಲಾದಾಗ ಅದರ ಹೆಸರೂ ಬದಲಾಗುವ ವ್ಯವಸ್ಥೆ ಇದ್ದರೆ ಮಾತ್ರ ಹಾಗೆ ಮಾಡಿ. ಹೆಸರು ಬದಲಾಗದಿದ್ದರೆ ಓದುಗರು ವರ್ಷಪೂರ್ತಿ ಹಳೆಯ ಬಣ್ಣಗಳನ್ನೇ ನೋಡುತ್ತಿರುತ್ತಾರೆ. ಈ ಫೈಲ್ ತಿದ್ದುವಾಗ ಅಲ್ಪವಿರಾಮಗಳ ಮೇಲೆ ಕಣ್ಣಿಡಿ. ಒಂದು ಜಾಸ್ತಿಯಾದರೂ, ಒಂದು ಕಡಿಮೆಯಾದರೂ ಟೂಲ್ ಓದಲು ಒಪ್ಪದೇ ಹೋಗಬಹುದು.

ಹಿಂದಕ್ಕೆ ಹೋಗುವುದು

ಏರಿಸಿದ ಮೇಲೆ ದೊಡ್ಡ ತಪ್ಪು ಕಂಡಿತು ಅಂದುಕೊಳ್ಳಿ. ಗಾಬರಿಯಲ್ಲಿ ಕೋಡ್ ತಿದ್ದಲು ಕೂರಬೇಡಿ. ಕನ್ಸೋಲ್‌ನಲ್ಲಿ ಹೋಸ್ಟಿಂಗ್ ಪುಟ ತೆರೆದರೆ ಈವರೆಗೆ ಏರಿಸಿದ್ದೆಲ್ಲ ದಿನಾಂಕದ ಜೊತೆ ಪಟ್ಟಿಯಾಗಿ ಕಾಣುತ್ತದೆ. ಸರಿಯಿದ್ದ ಸಾಲಿನ ಕೊನೆಯಲ್ಲಿರುವ ಮೂರು ಚುಕ್ಕಿ ಒತ್ತಿ, ರೋಲ್‌ಬ್ಯಾಕ್ ಆರಿಸಿ. ಸೈಟ್ ಹಿಂದಿನ ಹಾಗೆ ಆಗುತ್ತದೆ. ಆಮೇಲೆ ನಿಧಾನವಾಗಿ ತಪ್ಪು ಹುಡುಕಿ. ಈ ಹಳೆಯ ಪ್ರತಿಗಳೂ 10 ಜಿಬಿ ಲೆಕ್ಕದಲ್ಲಿ ಸೇರುತ್ತವೆ. ಚಿತ್ರಗಳು ಜಾಸ್ತಿ ಇರುವ ಸೈಟ್ ಆದರೆ ಎಷ್ಟು ಹಳೆಯ ಪ್ರತಿ ಇಡಬೇಕು ಅನ್ನುವ ಮಿತಿಯನ್ನು ಅಲ್ಲೇ ಹಾಕಬಹುದು.

ಕೈಕೊಡುವ ಇನ್ನೆರಡು ಮೂರು ಕಡೆ

ಫೈರ್‌ಬೇಸ್.ಜೇಸನ್ ಸಿಗಲಿಲ್ಲ ಅಂತ ಟೂಲ್ ಹೇಳಿದರೆ ನೀವು ಬೇರೆ ಫೋಲ್ಡರ್‌ನಲ್ಲಿ ನಿಂತಿದ್ದೀರಿ. ಲಾಗಿನ್ ಹಳತಾಗಿದೆ ಅಂತ ಬಂದರೆ 'ಫೈರ್‌ಬೇಸ್ ಲಾಗಿನ್ --ರೀಆತ್' ಕೊಡಿ. ಸೈಟ್ ತೆರೆದಾಗ 'ಸೈಟ್ ನಾಟ್ ಫೌಂಡ್' ಅಂತ ಕಂಡರೆ ಇನ್ನೂ ಏರಿಸಿಲ್ಲ, ಅಥವಾ ಬೇರೆ ಪ್ರಾಜೆಕ್ಟ್‌ಗೆ ಏರಿಸಿದ್ದೀರಿ. ಬರೀ 'ಫೈರ್‌ಬೇಸ್ ಯೂಸ್' ಅಂದರೆ ಈಗ ಯಾವ ಪ್ರಾಜೆಕ್ಟ್ ಅಂತ ತೋರಿಸುತ್ತದೆ. ಏನೂ ಅರ್ಥವಾಗದ ತಪ್ಪು ಬಂದರೆ ಅದೇ ಕಮಾಂಡ್‌ನ ಕೊನೆಗೆ '--ಡೀಬಗ್' ಸೇರಿಸಿ ಓಡಿಸಿ. ಉದ್ದಕ್ಕೆ ಬರುವ ಸಾಲುಗಳಲ್ಲಿ ಕೊನೆಯ ಹತ್ತಿಪ್ಪತ್ತನ್ನು ಓದಿದರೆ ಸಾಮಾನ್ಯವಾಗಿ ಕಾರಣ ಸಿಗುತ್ತದೆ.

ಜಾವಾಸ್ಕ್ರಿಪ್ಟ್‌ನಲ್ಲಿ ಪಾಸ್‌ವರ್ಡ್, ದುಡ್ಡಿನ ಸೇವೆಗಳ ಗುಟ್ಟಿನ ಕೀ ಇವನ್ನೆಲ್ಲ ಬರೆದಿಡಬೇಡಿ. ಎಷ್ಟೇ ಗಂಟು ಹಾಕಿದರೂ ಅದು ಓದುಗರ ಬ್ರೌಸರ್‌ಗೆ ಹೋಗಿ ಕೂರುವ ಫೈಲ್. ಅಕಸ್ಮಾತ್ ಒಮ್ಮೆ ಹೋಗಿಬಿಟ್ಟಿದ್ದರೆ ಫೈಲ್ ತೆಗೆದು ಸುಮ್ಮನಾಗಬೇಡಿ. ಆ ಕೀಯನ್ನೇ ರದ್ದು ಮಾಡಿ ಹೊಸದು ಮಾಡಿಸಿಕೊಳ್ಳಿ.

ಸ್ವಂತ ಹೆಸರಿನ ವಿಳಾಸ

ನಿಮ್ಮದೇ ಡೊಮೇನ್, ಅಂದರೆ ಕೊಂಡುಕೊಂಡ ಸ್ವಂತ ವಿಳಾಸ, ಇದ್ದರೆ ಕನ್ಸೋಲ್‌ನ ಹೋಸ್ಟಿಂಗ್ ಪುಟದಲ್ಲಿ ಕಸ್ಟಮ್ ಡೊಮೇನ್ ಸೇರಿಸಿ. ಯಾವ ಯಾವ ಡಿಎನ್‌ಎಸ್ ದಾಖಲೆ (ಆ ಹೆಸರು ಯಾವ ಸರ್ವರ್‌ಗೆ ಸೇರಿದ್ದು ಅಂತ ಹೇಳುವ ನಮೂದು) ಹಾಕಬೇಕು ಅಂತ ಅದೇ ತೋರಿಸುತ್ತದೆ. ಸಾಮಾನ್ಯವಾಗಿ ಹೆಸರು ನಿಮ್ಮದೇ ಅಂತ ಸಾಬೀತು ಮಾಡಲು ಒಂದು ಟಿಎಕ್ಸ್‌ಟಿ ದಾಖಲೆ, ದಾರಿ ತೋರಿಸಲು ಒಂದು 'ಎ' ದಾಖಲೆ. ಇವನ್ನು ಡೊಮೇನ್ ಕೊಂಡ ಕಡೆ ಹೋಗಿ ಹಾಕಬೇಕು. ಅಲ್ಲಿ ಅದೇ ಹೆಸರಿಗೆ ಹಳೆಯ 'ಎ' ದಾಖಲೆಗಳು ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಕೆಲವರಿಗೆ ಹೊಸ ಸೈಟ್, ಕೆಲವರಿಗೆ ಹಳೆಯದು ಕಾಣುತ್ತದೆ. ಇಮೇಲ್‌ಗೆ ಸೇರಿದ ಎಂಎಕ್ಸ್ ದಾಖಲೆಗಳನ್ನು ಮಾತ್ರ ಮುಟ್ಟಬೇಡಿ. ದಾಖಲೆ ಹಾಕಿದ ಮೇಲೆ ಸರ್ಟಿಫಿಕೇಟ್ ಸಿದ್ಧವಾಗಲು 24 ಗಂಟೆಯವರೆಗೂ ಹಿಡಿಯಬಹುದು. ಅಷ್ಟರಲ್ಲಿ ಬ್ರೌಸರ್ 'ಸುರಕ್ಷಿತವಲ್ಲ' ಅಂದರೆ ಕಾಯಿರಿ, ದಾಖಲೆಗಳನ್ನು ಪದೇ ಪದೇ ಅಳಿಸಿ ಹಾಕಿದರೆ ಇನ್ನೂ ತಡವಾಗುತ್ತದೆ. ಮುಂದೆ ಮೂರು ಡಬ್ಲ್ಯು ಇರುವ ವಿಳಾಸವನ್ನೂ ಸೇರಿಸಿ, ಅದನ್ನು ಮುಖ್ಯ ವಿಳಾಸಕ್ಕೆ ರೀಡೈರೆಕ್ಟ್ ಮಾಡಿಬಿಡಿ. ಹಳೆಯ '.ವೆಬ್.ಆಪ್' ವಿಳಾಸವೂ ಕೆಲಸ ಮಾಡುತ್ತಲೇ ಇರುತ್ತದೆ, ಹಂಚಿದ ಲಿಂಕ್‌ಗಳು ಮುರಿಯುವುದಿಲ್ಲ.

ಯಾವಾಗಲಾದರೂ ಸೈಟ್ ಕೆಳಗಿಳಿಸಬೇಕು ಅನಿಸಿದರೆ ಅದೇ ಫೋಲ್ಡರ್‌ನಲ್ಲಿ ನಿಂತು 'ಫೈರ್‌ಬೇಸ್ ಹೋಸ್ಟಿಂಗ್:ಡಿಸೇಬಲ್' ಕೊಡಿ. ಖಚಿತವಾ ಅಂತ ಒಮ್ಮೆ ಕೇಳಿ ನಿಲ್ಲಿಸುತ್ತದೆ. ನಿಮ್ಮ ಕಂಪ್ಯೂಟರ್‌ನಲ್ಲಿರುವ ಫೈಲುಗಳಿಗೆ ಏನೂ ಆಗುವುದಿಲ್ಲ. ಮತ್ತೆ ಬೇಕಾದಾಗ ಡಿಪ್ಲಾಯ್ ಮಾಡಿದರೆ ಸೈಟ್ ಅದೇ ವಿಳಾಸದಲ್ಲಿ ತೆರೆದುಕೊಳ್ಳುತ್ತದೆ.